ಮೊದಲು ತಡೆ, ಆಮೇಲೆ ಕಾರಣ

ಯಂತ್ರದಿಂದ ಆಗತಾನೇ ಇಳಿದ ಅಲ್ಯೂಮಿನಿಯಂ ಭಾಗವನ್ನು ಅಳೆಯಬಾರದು. ಬಿಸಿಗೆ ಅದು ಹಿಗ್ಗಿರುತ್ತದೆ, ಒಳಗಿನ ರಂಧ್ರ, ನಮ್ಮ ಮಾತಿನಲ್ಲಿ ಬೋರ್, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಪ್ಪತ್ತು ಡಿಗ್ರಿ ತಂಪಿನ ಅಳತೆ ಕೋಣೆಯಲ್ಲಿಟ್ಟು, ಬಾಗಿಲು ಮುಚ್ಚಿ, ಅದು ತಣಿಯುವವರೆಗೆ ಕಾಯಬೇಕು. ಹಾಗೆ ಕಾಯುವುದು ನನ್ನ ಕೆಲಸದ ಒಂದು ಭಾಗವಾಗಿತ್ತು.

ನಾನಿದ್ದುದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ. ನಮಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳಿಗೆ ಹೋಗಿ ಅವರ ಮಾಲು ಸರಿಯಿದೆಯೋ ಇಲ್ಲವೋ ಎಂದು ನೋಡುವ ಎಂಜಿನಿಯರ್. ಮನೆ ಜಾಲಹಳ್ಳಿಯಾದ್ದರಿಂದ ಪೀಣ್ಯದ ಕಾರ್ಖಾನೆಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಪೀಣ್ಯಕ್ಕೆ ಮೆಟ್ರೋ ಬಂದ ಹೊಸತು ಅದು. ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಕಾಲೇಜಿನಲ್ಲಿ ಪಾಠಕ್ಕಿಂತ ಹೆಚ್ಚು ಹೊತ್ತು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಇಲ್ಲಿ ಮಾಲೀಕರು ‘ಪಾಸ್ ಮಾಡ್ಬಿಡಿ ಮೇಡಂ’ ಅನ್ನುತ್ತಿದ್ದರು, ಯಾಕೆ ಮಾಡಬಾರದು ಎಂದು ನಾನು ಹೇಳುತ್ತಿದ್ದೆ, ತಿಂಗಳ ಕೊನೆಗೆ ಅದಕ್ಕೆ ಸಂಬಳವೂ ಬರುತ್ತಿತ್ತು. ಆ ಕೆಲಸ ಕೈತಪ್ಪಿ ಹೋಗುವುದರಲ್ಲಿತ್ತು. ಉಳಿದದ್ದು ಹೇಗೆ ಎಂದು ಬರೆಯುವುದು ನನಗೆ ಮುಖ್ಯ.

ಆ ದಿನ ಒಂದು ಪಂಪಿನ ಹೊರಕವಚದ ಮೊದಲ ಮಾದರಿಗಳನ್ನು ನೋಡಲು ಹೋಗಿದ್ದೆ. ಕಾರ್ಖಾನೆಯ ಮಾಲೀಕರು ಅಪ್ಪನ ಹಳೆಯ ಸಹೋದ್ಯೋಗಿ. ಸರ್ಕಾರಿ ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಯಂತ್ರದಲ್ಲಿ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು ಪೀಣ್ಯದಲ್ಲಿ ಶೆಡ್ ಹಾಕಿದವರು. ಜಾಲಹಳ್ಳಿಯಲ್ಲಿ ಇಂಥ ನಂಟು ಪ್ರತಿ ಬೀದಿಗೂ ಒಂದಿರುತ್ತದೆ. ನಮ್ಮ ಮನೆಯ ಪೂಜೆಗಳಿಗೆ ಬಂದು ಹೋಗುತ್ತಿದ್ದ ಅವರನ್ನು ನಾನು ಮಾಮ ಎಂದೇ ಕರೆಯುತ್ತಿದ್ದೆ. ಅವರ ತಪಾಸಣಾ ವಿಭಾಗ ನೋಡಿಕೊಳ್ಳುತ್ತಿದ್ದವನು ಅವರ ಅಳಿಯ.

ಮಾದರಿಗಳನ್ನು ತಡವಾಗಿ ಕೊಟ್ಟರು. ಮುಟ್ಟಿದರೆ ಇನ್ನೂ ಬೆಚ್ಚಗಿದ್ದವು. ಅಳತೆ ಯಂತ್ರ ನಡೆಸುವವರು ಊಟಕ್ಕೆ ಹೋದರು. ನಾನು ಕಾಯುತ್ತ ಕುಳಿತೆ. ಅಳಿಯ ಒಳಗೆ ಬಂದು ಚಿಲಕ ಹಾಕಿದ.

ನಂತರದ್ದನ್ನು ಹೇಳಬೇಕಾದವರಿಗೆ ವಿವರವಾಗಿ ಹೇಳಿದ್ದೇನೆ. ಓದುವವರಿಗೆ ಇಷ್ಟು ಸಾಕು: ಅದು ಲೈಂಗಿಕ ದೌರ್ಜನ್ಯ. ‘ಸಲುಗೆ’, ‘ಅಸಭ್ಯ ವರ್ತನೆ’ ಎಂಬ ಮೆದು ಮಾತುಗಳೊಳಗೆ ಅದು ಹಿಡಿಸುವುದಿಲ್ಲ. ಬಿಡಿಸಿಕೊಂಡು ಹೊರಗೆ ಬಂದಾಗ ಲೇತ್‌ಗಳು ಎಂದಿನಂತೆ ತಿರುಗುತ್ತಿದ್ದವು. ಅಷ್ಟು ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

ಮನೆಯವರೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ತಲೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು: ಎದುರು ಪಕ್ಷ ಏನೇನು ಕೇಳಬಹುದೆಂದು ಊಹಿಸಿ ಉತ್ತರ ಜೋಡಿಸಿತು. ಯಾಕೆ ಕಿರುಚಲಿಲ್ಲ? ಯಾಕೆ ಒಬ್ಬಳೇ ಕುಳಿತಿದ್ದೆ? ಯಾಕೆ ಅಲ್ಲಿಯೇ ಮಾಮನಿಗೆ ಹೇಳಲಿಲ್ಲ? ಮನೆ ತಲುಪುವಷ್ಟರಲ್ಲಿ ನನ್ನ ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ಯಾವ ತೀರ್ಪುಗಾರರೂ ಪೂರ್ತಿ ಅಂಕ ಕೊಡುತ್ತಿದ್ದರು. ಬಾಗಿಲು ತೆಗೆದ ಅಮ್ಮನಿಗೆ ಮಾತ್ರ ತಲೆನೋವು ಎಂದು ಹೇಳಿ ಮಲಗಿದೆ.

ಮೊದಲು ಹೇಳಿದ್ದು ಮರುದಿನ ಆಫೀಸಿನಲ್ಲಿ, ಪಕ್ಕದ ಮೇಜಿನ ಗೆಳೆಯನಿಗೆ. ಅವನೂ ನನ್ನ ಹಾಗೆಯೇ ಗುಣಮಟ್ಟದ ಎಂಜಿನಿಯರ್, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು, ಹೆಂಗಸು ಗಂಡಸೆನ್ನದೆ ಎಲ್ಲರನ್ನೂ ‘ಮಗಾ’ ಅನ್ನುವವನು. “ಪೀಣ್ಯ ರಿಪೋರ್ಟ್ ಎಲ್ಲಿ ಮಗಾ? ಸಾರ್ ಆಗ್ಲೇ ಎರಡು ಸಲ ಕೇಳಿದ್ರು,” ಅಂದ. ರಿಪೋರ್ಟ್ ಯಾಕಿಲ್ಲ ಎಂದು ಹೇಳಿಬಿಟ್ಟೆ. ಜೋಡಿಸಿಟ್ಟ ವಾದ ಬರಲಿಲ್ಲ. ನಾಲ್ಕು ವಾಕ್ಯ ಬಂದವು, ಅಷ್ಟೇ.

ಇಲ್ಲಿ ನಮ್ಮ ವೃತ್ತಿಯ ಒಂದು ಅಭ್ಯಾಸ ಹೇಳಬೇಕು. ಮಾಲಿನಲ್ಲಿ ದೋಷ ಸಿಕ್ಕರೆ ಐದು ಸಲ ‘ಯಾಕೆ’ ಎಂದು ಕೇಳುತ್ತೇವೆ. ಮೊದಲ ಉತ್ತರಕ್ಕೆ ಮತ್ತೆ ಯಾಕೆ, ಅದರ ಉತ್ತರಕ್ಕೆ ಮತ್ತೆ ಯಾಕೆ. ಐದನೆಯದಕ್ಕೆ ಮೂಲ ಕಾರಣ ಸಿಗುತ್ತದೆ ಎಂಬುದು ನಂಬಿಕೆ. ದಿನವೂ ಮಾಡಿ ಮಾಡಿ ಅದು ಉಸಿರಾಟದಂತೆ ಆಗಿರುತ್ತದೆ. ಗೆಳೆಯನ ಮುಖ ಬಿಳಿಚಿಕೊಂಡಿತ್ತು, ಕಣ್ಣು ತುಂಬಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಶುರು ಮಾಡಿತು.

“ರೂಮಲ್ಲಿ ಯಾಕೆ ಒಬ್ಳೇ ಇದ್ದೆ?”

“ಪಾರ್ಟ್ ತಣ್ಣಗಾಗ್ಬೇಕಿತ್ತು.”

“ಯಾಕೆ, ಬೆಳಗ್ಗೇನೇ ಇಟ್ಟಿರ್ಲಿಲ್ವಾ?”

“ಲೇಟಾಗಿ ಕೊಟ್ರು.”

“ಯಾಕೆ ಲೇಟು?”

“ಬೋರಿಂಗ್ ಟೂಲ್ ಮುರ್ದಿತ್ತಂತೆ.”

“ಯಾಕೆ ಮುರೀತು? ಹೊಸ ಟೂಲ್ ತಾನೆ?”

“ಇಲ್ಲ, ಬದಲಾಯಿಸೋ ಟೈಮ್ ಮೀರಿತ್ತು. ಅವ್ರತ್ರ ಟೂಲ್ ಚೇಂಜ್ ಪ್ಲಾನೇ ಇಲ್ಲ.”

ನಾಲ್ಕನೆಯ ‘ಯಾಕೆ’ಗೇ ಇಬ್ಬರೂ ಒಟ್ಟಿಗೆ ಎಚ್ಚೆತ್ತು ನಿಲ್ಲಿಸಿದೆವು. ನಾನೂ ಅಷ್ಟೇ ಶ್ರದ್ಧೆಯಿಂದ ಉತ್ತರ ಕೊಡುತ್ತಿದ್ದೆ. “ಸರಿ ಹಾಗಾದ್ರೆ,” ಅಂದೆ, “ಮೂಲ ಕಾರಣ ಸಿಕ್ತು. ಟೂಲ್ ಚೇಂಜ್ ಪ್ಲಾನ್.” ನಗು ಬಂತು. ಹಿಂದಿನ ದಿನದಿಂದ ಬಾರದಿದ್ದ ಅಳುವೂ ಅದರ ಬೆನ್ನಿಗೇ ಬಂತು.

“ಥೂ ನನ್ ಮುಖಕ್ಕಿಷ್ಟು,” ಅಂದ ಅವನು. “ಸಾರಿ ಕಣೇ. ಏನ್ ಕೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಅದಕ್ಕೆ ಗೊತ್ತಿರೋದನ್ನ ಕೇಳ್ಬಿಟ್ಟೆ.”

ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ಆಮೇಲೆ ನನಗೆ ಯಾರೂ ಹೇಳಲಿಲ್ಲ. ಪ್ರಶ್ನೆಗಳು ನನ್ನ ಮೇಲಿನ ಅನುಮಾನದಿಂದಲೇ ಹುಟ್ಟುತ್ತವೆ ಎಂದು ರಾತ್ರಿಯಿಡೀ ವಾದಿಸಿಕೊಂಡಿದ್ದೆ. ಕೆಲವು ಹಾಗೆ ಹುಟ್ಟುತ್ತವೆ ಎನ್ನುವುದು ನಿಜ. ಆದರೆ ಎಷ್ಟೋ ಪ್ರಶ್ನೆಗಳು ಕೇಳುವವರ ಗಾಬರಿಯ ಸದ್ದು ಮಾತ್ರ. ಕಾರಣ ಸಿಕ್ಕರೆ ಲೋಕ ಸರಿಯಾಗಿದೆ, ತಮಗೆ ಹಾಗಾಗುವುದಿಲ್ಲ ಎಂದು ಅವರಿಗೆ ಧೈರ್ಯ ಬರುತ್ತದೆ. ಉತ್ತರ ಬೇಕಾಗಿರುವುದು ಅವರಿಗೆ, ದಣಿಯುವುದು ನಾವು.

ಅವನು ಮೂಗು ಒರೆಸಿಕೊಂಡು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡ. ಆಮೇಲೆ, “ಕಸ್ಟಮರ್ ಕಂಪ್ಲೇಂಟ್ ಬಂದ್ರೆ ಮೊದ್ಲ ದಿನ ಏನ್ ಮಾಡ್ತೀವಿ? ಕಾರಣ ಕೇಳಲ್ಲ ತಾನೆ?” ಅಂದ. “ಕೆಟ್ಟ ಮಾಲು ಇನ್ನೊಂದ್ ಪೀಸ್ ಮುಂದೆ ಹೋಗ್ದೇ ಇರೋ ಹಂಗೆ ತಡೀತೀವಿ. ಕಾರಣ ಎಲ್ಲಾ ಆಮೇಲೆ. ಈಗ ಏನ್ ತಡೀಬೇಕು ಹೇಳು ಮಗಾ.”

ತಡೆಯಬೇಕಾದವು ಎರಡಿದ್ದವು. ಮೊದಲನೆಯದು, ಮುಂದಿನ ವಾರ ಅದೇ ಕಾರ್ಖಾನೆಗೆ ನನ್ನ ಭೇಟಿ ನಿಗದಿಯಾಗಿತ್ತು. ಅವನು ಎದ್ದು ಹೋಗಿ ಗೋಡೆಯ ಬೋರ್ಡಿನಲ್ಲಿ ನನ್ನ ಹೆಸರು ಅಳಿಸಿ ತನ್ನ ಹೆಸರು ಬರೆದ. ಯಾರೋ ಯಾಕೆ ಎಂದು ಕೇಳಿದರು. “ಪೀಣ್ಯದ ಮಸಾಲೆ ದೋಸೆ ತಿನ್ಬೇಕು ಗುರು,” ಅಂದ. ಎರಡನೆಯದು ನನ್ನ ಮಣಿಕಟ್ಟು. ಅದು ಊದಿಕೊಂಡಿತ್ತು. “ಡಾಕ್ಟರ್‌ಗೆ ತೋರಿಸ್ಬೇಕು. ನಾನ್ ಬರ್ಲಾ, ಬೇಡ್ವಾ? ಬೇಡ ಅಂದ್ರೆ ಬೇಜಾರಿಲ್ಲ.” ಬಾ ಅಂದೆ. ವೈದ್ಯೆ ಎಲ್ಲವನ್ನೂ ನೋಡಿ ಬರೆದುಕೊಂಡರು. ಅವನು ಹೊರಗಿನ ಬೆಂಚಿನಲ್ಲಿ ಕುಳಿತು ಹಳೆಯ ವಾರಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದಿದ್ದ. ದಾರಿಯಲ್ಲಿ ಮತ್ತೊಂದು ಕೇಳಿದ: “ಸಾರ್‌ಗೆ ಯಾರು ಹೇಳೋದು? ನೀನಾ, ನಾನಾ, ಯಾರೂ ಬೇಡ್ವಾ?” ನಾನೇ ಹೇಳುತ್ತೇನೆ ಅಂದೆ.

ನಮ್ಮ ಮ್ಯಾನೇಜರ್ ಒಳ್ಳೆಯವರು. ತೊಂದರೆ ಶುರುವಾದದ್ದೂ ಆ ಒಳ್ಳೆಯತನದಿಂದಲೇ. ಪೂರ್ತಿ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ, ನೀರು ತರಿಸಿಕೊಟ್ಟರು, ಕಂಪನಿಯಲ್ಲಿ ಇಂಥ ದೂರು ಕೇಳುವ ಆಂತರಿಕ ಸಮಿತಿಯ ಅಧ್ಯಕ್ಷೆಗೆ ನನ್ನ ಮುಂದೆಯೇ ಫೋನ್ ಮಾಡಿದರು. ಆಮೇಲೆ ಹೇಳಿದರು: “ನಾಳೆಯಿಂದ ನೀನು ಆಫೀಸಲ್ಲೇ ಇರಮ್ಮ. ಹೊರಗಡೆ ವಿಸಿಟ್ ಎಲ್ಲಾ ಹುಡುಗ್ರಿಗೆ ಕೊಡ್ತೀನಿ.”

“ಎಷ್ಟು ದಿನ ಸಾರ್?”

“ದಿನ ಅಂತಲ್ಲ. ಇನ್ಮೇಲೆ ಹಾಗೇ. ನನಗೂ ಮಗಳಿದಾಳೆ ಕಣಮ್ಮ.”

ಮರುಮಾತಾಡಲು ಆ ದಿನ ಶಕ್ತಿಯಿರಲಿಲ್ಲ. ಮರುದಿನದಿಂದ ಕಂಪ್ಯೂಟರಿನ ಮುಂದೆ ಕುಳಿತು ಬೇರೆಯವರು ಅಳೆದು ತಂದ ಸಂಖ್ಯೆಗಳನ್ನು ಚೌಕಗಳಲ್ಲಿ ತುಂಬತೊಡಗಿದೆ. ಚಿಲಕ ಹಾಕಿ ನನ್ನನ್ನು ಕೂಡಿಹಾಕಿದವನು ಪೀಣ್ಯದಲ್ಲಿ ಓಡಾಡಿಕೊಂಡಿದ್ದ. ಒಳಗೆ ಕೂತವಳು ನಾನು.

ಶನಿವಾರ ಅಮ್ಮನಿಗೆ ಹೇಳಿದೆ. ಅವಳು ಪಾತ್ರೆಯವಳಿಗೆ ಕೊಡಲು ಹಳೆಯ ಸೀರೆಗಳನ್ನು ಆರಿಸುತ್ತಿದ್ದಳು. ಅವಳೆದುರು ನನ್ನ ವಾದ ಪೂರ್ತಿ ಮೇಳದೊಂದಿಗೆ ಹೊರಟಿತು. ಘಟನೆ, ಅದಕ್ಕೆ ಆಧಾರ, ಬರಬಹುದಾದ ಆಕ್ಷೇಪ ಒಂದು, ಎರಡು. ಮೂರನೆಯದಕ್ಕೆ ಬಂದಾಗ ಅಮ್ಮ ಕೇಳಿದಳು:

“ಇಷ್ಟೆಲ್ಲಾ ಯಾರೇ ಕೇಳಿದ್ದು ನಿನ್ನ?”

“ಇನ್ನೂ ಕೇಳಿಲ್ಲ. ಕೇಳ್ತಾರೆ.”

“ನಾನು ಕೇಳ್ಲಿಲ್ವಲ್ಲ.”

“ಕೇಳ್ಬಹುದಿತ್ತು.”

“ಕೈ ತೋರ್ಸಿಲ್ಲಿ.” ತೊಡೆಯ ಮೇಲಿದ್ದ ಸೀರೆಯ ಮೇಲೆಯೇ ನನ್ನ ಕೈ ಇಟ್ಟುಕೊಂಡಳು. ನಾನು ವಾದ ಬಿಡಲಿಲ್ಲ.

“ಅಮ್ಮ, ನಂಬ್ತೀಯಾ ಇಲ್ವಾ ಹೇಳು.”

“ಏನೇ ನೀನು! ಹೊಟ್ಟೆನೋವು ಅಂದಾಗ ಪ್ರೂಫ್ ಕೇಳಿದ್ನಾ?”

“ಪಿಯುಸಿಲಿ ಸುಳ್ಳು ಹೊಟ್ಟೆನೋವೂ ಹೇಳಿದ್ದೆ.”

“ಗೊತ್ತಿತ್ತು. ಆದ್ರೂ ಓಮದ ಕಷಾಯ ಕೊಟ್ನಲ್ಲ.”

ಸಂದೇಹ ಪಡುವುದನ್ನೇ ಒಂದು ಶಿಸ್ತಾಗಿ ಕಲಿತವಳು ನಾನು. ಪುರಾವೆಯಿಲ್ಲದೆ ಒಪ್ಪಬಾರದು ಎಂಬ ಮಾತನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಅಮ್ಮನ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಅವಳು ತೀರ್ಪು ಕೊಡಲು ಕುಳಿತಿರಲಿಲ್ಲ. ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಅವಳಿಗಿರಲಿಲ್ಲ. ಅವಳ ಕೈಯಲ್ಲಿದ್ದುದು ಕಷಾಯ. ಅದನ್ನು ತಪ್ಪಿ ಕೊಟ್ಟರೆ ನಷ್ಟವೇನೂ ಇಲ್ಲ, ತಪ್ಪಿ ಕೊಡದಿದ್ದರೆ ನಷ್ಟ ದೊಡ್ಡದು. ಸಾಕ್ಷಿ ಕೇಳುವ ಮೇಜುಗಳು ಬೇರೆ ಇವೆ. ಅಡುಗೆಮನೆಯನ್ನು ಅವುಗಳ ಸಾಲಿಗೆ ಸೇರಿಸಬೇಕಾಗಿಲ್ಲ.

ಸ್ನಾನದ ಮನೆಯ ನಲ್ಲಿ ಆ ಸಂಜೆ ಬಹಳ ಹೊತ್ತು ಸುರಿಯಿತು. ಅಮ್ಮ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. 

ಅಪ್ಪನಿಗೆ ನನ್ನ ಒಪ್ಪಿಗೆ ಪಡೆದು ಅವಳೇ ಹೇಳಿದಳು. ಅಪ್ಪ ನನ್ನೊಂದಿಗೆ ಏನೂ ಮಾತಾಡಲಿಲ್ಲ. ಬೆಳಗಿನ ವಾಕಿಂಗ್ ಉದ್ದವಾಯಿತು, ಊಟದ ಹೊತ್ತಿಗೆ ಪೇಪರ್ ಅಡ್ಡ ಬಂತು. ಅವರು ಮೂವತ್ತು ವರ್ಷದ ಸ್ನೇಹವನ್ನು ತೂಗಿ ನೋಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಅವರ ವಿರುದ್ಧವೂ ಒಂದು ವಾದ ಸಿದ್ಧವಾಗತೊಡಗಿತು. ಈ ನಡುವೆ ದೊಡ್ಡಮ್ಮನಿಗೆ ಹೇಗೋ ತಿಳಿದು ಫೋನ್ ಬಂತು. “ಗಂಡು ನೋಡೋ ಹೊತ್ತಲ್ಲಿ ಇದೆಲ್ಲಾ ಬೇಕಾ?” ಎಂಬ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು. ಅಮ್ಮ, “ಅಕ್ಕ, ಹಾಲು ಉಕ್ತಿದೆ,” ಎಂದು ಫೋನ್ ಇಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಸಮಿತಿಯಿಂದ ಆ ಕಾರ್ಖಾನೆಗೆ ಫೋನ್ ಹೋಗಿತ್ತು. ಮರುವಾರದ ಭಾನುವಾರ ಮಾಮ ಬಂದರು, ಕೈಯಲ್ಲಿ ಹಣ್ಣಿನ ಬುಟ್ಟಿ.

ನಮ್ಮ ಕಡೆ ಇಂಥದ್ದಕ್ಕೆ ಒಂದು ಪದ್ಧತಿಯಿದೆ. ಎರಡು ಮನೆಯ ಹಿರಿಯ ಗಂಡಸರು ಹಜಾರದಲ್ಲಿ ಎದುರುಬದುರು ಕೂರುತ್ತಾರೆ, ಹೆಂಗಸರು ಬಾಗಿಲ ಬಳಿ ನಿಲ್ಲುತ್ತಾರೆ, ಕಾಫಿ ಮುಗಿಯುವಷ್ಟರಲ್ಲಿ ವಿಷಯವೂ ಮುಗಿದಿರುತ್ತದೆ. ಮಾಮ ನೆಲಮಂಗಲದ ಕಡೆಯ ಒಕ್ಕಲು ಮನೆತನದವರು. ಊರಿನ ಮಾತು ಅವರ ನಾಲಿಗೆಯಿಂದ ಹೋಗಿರಲಿಲ್ಲ. ಕೂತವರೇ ಶುರು ಮಾಡಿದರು.

“ಅಣ್ಣಾ, ಇಂಗಾಗ್ಬಾರ್ದಿತ್ತು. ಉಡುಗನ್ನ ಕರ್ಕಂಡ್ ಬಂದು ನಿಮ್ ಕಾಲಿಗ್ ಬೀಳಿಸ್ತೀನಿ. ಕಂಪ್ಲೇಂಟು ಗಿಂಪ್ಲೇಂಟು ಅಂದ್ರೆ ಆರ್ಡರ್ ನಿಂತೋಯ್ತದೆ, ಕೆಲಸದೋರ ಒಟ್ಟೆ ಮ್ಯಾಲೆ ಒಡ್ದಂಗಾಯ್ತದೆ. ನಾವ್ ನಾವೇ ಮುಗಿಸ್ಕಳಣ. ನೀವೊಂದ್ ಮಾತ್ ಏಳಿ, ಅಷ್ಟೇ.”

ನಾನು ಬಾಗಿಲ ಬಳಿ ಇದ್ದೆ. ಉತ್ತರ ಗಂಟಲವರೆಗೆ ಬಂದಿತ್ತು. ಅಪ್ಪ ಏನು ಹೇಳುತ್ತಾರೋ ನೋಡೋಣ ಎಂದು ತಡೆದೆ. ಅಪ್ಪ ಎದ್ದರು, ತಾವು ಕೂತಿದ್ದ ಕುರ್ಚಿ ತೋರಿಸಿ “ಬಾರಮ್ಮ, ಕೂತ್ಕೋ,” ಅಂದರು. ನಾನು ಕೂತೆ. ಅವರು ಹೋಗಿ ಅಮ್ಮನ ಪಕ್ಕ ಬಾಗಿಲ ಬಳಿ ನಿಂತರು.

“ನನ್ ಕಾಲಿಗೆ ಯಾಕಪ್ಪ ಬೀಳ್ಬೇಕು ಅವ್ನು? ನನಗೇನು ಮಾಡಿದಾನೆ? ಅವಳ ಹತ್ರ ಕೇಳು. ಅವಳು ಏನಂತಾಳೋ ಅದು.”

ಮಾಮನ ಮುಖ ನೋಡಿದೆ. ನನ್ನನ್ನು ಎತ್ತಿ ಆಡಿಸಿದ ಮನುಷ್ಯ. ಗೆಲ್ಲಬೇಕೆಂಬ ಹಟ ಅದೇಕೋ ಆಗ ಬರಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದೆ: “ಮಾಮ, ನಾನು ಪೊಲೀಸರಿಗೆ ಬರೆದು ಕೊಡ್ತೀನಿ. ನಿಮ್ ಪಾರ್ಟಿನ ವಿಷಯ ಬೇರೆ. ಬೋರ್ ಸರಿ ಬಂದ್ರೆ ಪಾರ್ಟ್ ಪಾಸಾಗುತ್ತೆ. ಅದನ್ನ ನಾನು ನೋಡಲ್ಲ, ಬೇರೆಯವರು ನೋಡ್ತಾರೆ. ಕೆಲಸದವರ ಹೊಟ್ಟೆ ಮೇಲೆ ನಾನು ಹೊಡೀತಿಲ್ಲ. ಅವನು ಆ ಶೆಡ್ಡಲ್ಲಿ ಇರೋವರೆಗೂ ನೀವೇ ಹೊಡೀತಿರ್ತೀರಿ.”

ಅವರು ತಲೆ ತಗ್ಗಿಸಿದರು. “ಮಗಳಿಗೆ ಏನವ್ವಾ ಏಳ್ಲಿ ನಾನು,” ಅಂದರು.  ಹಣ್ಣಿನ ಬುಟ್ಟಿಯನ್ನು ಅಮ್ಮ ಅವರ ಕೈಗೇ ವಾಪಸ್ ಕೊಟ್ಟಳು, ಕಾಫಿ ಕುಡಿಸಿಯೇ ಕಳಿಸಿದಳು.

ಅವರು ಹೋದ ಮೇಲೆ ಅಪ್ಪನನ್ನು ಕೇಳಿದೆ, ಇಷ್ಟು ದಿನ ಯಾಕೆ ಮಾತಾಡಲಿಲ್ಲ ಎಂದು.

“ಏನ್ ಮಾತಾಡ್ಲಿ ಅಂತ ಹುಡುಕ್ತಾ ಇದ್ದೆ. ಏನ್ ಹೇಳಿದ್ರೂ ನೀನು ಅದ್ರಲ್ಲೊಂದು ತಪ್ಪು ಹಿಡೀತೀಯ.”

“ಇವತ್ತು ಹೇಳಿದ್ರಲ್ಲಿ ತಪ್ಪಿರ್ಲಿಲ್ಲ.”

“ಹಂಗಾದ್ರೆ ಬರ್ದಿಟ್ಕೋ. ಮನೇಲಿ ಇದೇ ಮೊದಲು,” ಅಂದರು.

ಠಾಣೆಗೆ ಅಮ್ಮ ಮತ್ತು ಸಮಿತಿಯ ಅಧ್ಯಕ್ಷೆ ಇಬ್ಬರೂ ಬಂದರು. ಮೊಕದ್ದಮೆ ಅದರ ಹಾದಿಯಲ್ಲಿದೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಸಮಿತಿಯವರೂ ನನಗೆ ಪ್ರಶ್ನೆ ಹಾಕಿದರು, ಬಿಡದೆ ಹಾಕಿದರು: ಕೋಣೆಯ ಅಳತೆ, ಬಾಗಿಲಿನ ದಿಕ್ಕು, ಯಾರು ಯಾವಾಗ ಹೊರಗೆ ಹೋದರು. ನನಗೆ ಕಿಂಚಿತ್ತೂ ನೋವಾಗಲಿಲ್ಲ. ಕೇಳುವುದು ಅವರ ಕೆಲಸ. ಉತ್ತರಿಸುವ ಬಲ ನನಗೆ ಬಂದದ್ದು ಅದಕ್ಕೆ ಮೊದಲು ಅಮ್ಮ, ಅಪ್ಪ ಕೇಳದೆ ಇದ್ದುದರಿಂದ, ಗೆಳೆಯ ಕೇಳುತ್ತ ಕೇಳುತ್ತ ನಿಲ್ಲಿಸಿದ್ದರಿಂದ.

ಅಳಿಯನನ್ನು ಮಾಮ ಶೆಡ್ಡಿನಿಂದ ಹೊರಗೆ ಕಳಿಸಿದರು ಎಂದು ಗೆಳೆಯ ಬಂದು ಹೇಳಿದ. ನಾನು ಮಾತ್ರ ಇನ್ನೂ ಚೌಕ ತುಂಬುತ್ತಿದ್ದೆ. ಕಂಡವರೆಲ್ಲ ‘ನೀನು ಧೈರ್ಯವಂತೆ’ ಅನ್ನುತ್ತಿದ್ದರು. ಧೈರ್ಯವಂತೆಯನ್ನು ಯಾಕೆ ಒಳಗೆ ಕೂರಿಸಿದ್ದೀರಿ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಈ ಪ್ರಶ್ನೆಯನ್ನು ನಾನೇ ಎತ್ತಬೇಕು ಎಂದು ನಿರ್ಧರಿಸಿದೆ. ಒಪ್ಪದಿದ್ದರೆ ಕೆಲಸ ಬಿಡುವುದೆಂದೂ ಗಟ್ಟಿ ಮಾಡಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ.

“ಸಾರ್, ಕೆಟ್ಟ ಲಾಟ್ ಸಿಕ್ಕಿದ್ರೆ ಕೆಂಪು ಚೀಟಿ ಯಾವ್ದಕ್ಕೆ ಅಂಟಿಸ್ತೀವಿ?”

“ಲಾಟಿಗೆ. ಏನಿದು, ಪರೀಕ್ಷೆನಾ?”

“ಕಂಡುಹಿಡಿದ ಇನ್‌ಸ್ಪೆಕ್ಟರಿಗೆ ಅಂಟಿಸಲ್ಲ ತಾನೆ?”

ಅವರಿಗೆ ತಿಳಿಯಿತು. “ನಿನ್ನ ಸೇಫ್ಟಿಗೆ ಮಾಡಿದ್ದಮ್ಮ ನಾನು.”

“ಗೊತ್ತು ಸಾರ್. ಅದಕ್ಕೇ ಜಗಳ ಆಡಕ್ಕೆ ಕಷ್ಟ ಆಗ್ತಿದೆ. ಆದ್ರೆ ಹೇಳಿದ್ರೆ ಫೀಲ್ಡ್ ಕೆಲಸ ಹೋಗುತ್ತೆ ಅಂತ ಇಲ್ಲಿರೋ ಹುಡುಗೀರೆಲ್ಲ ನೋಡ್ತಿದಾರೆ. ನಾಳೆ ಯಾರಾದ್ರೂ ನಿಮ್ ಹತ್ರ ಬಂದು ಹೇಳ್ತಾರಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರು ಪಕ್ಷ ಹೀಗೆ ಮೌನವಾದಾಗ ಇನ್ನೊಂದು ಅಂಶ ಸೇರಿಸಬೇಕು ಎಂಬುದು ಚರ್ಚೆಯ ಪಾಠ. ನಾನು ಸೇರಿಸಲಿಲ್ಲ.

“ಹೆದರಿದ್ದೆ ಕಣಮ್ಮ,” ಅಂದರು. “ಮತ್ತೆ ಏನಾದ್ರೂ ಆದ್ರೆ ನಿಮ್ ತಾಯಿಗೆ ಏನ್ ಹೇಳ್ಲಿ ಅಂತ. ಅದು ನಿನ್ನ ಬಗ್ಗೆ ಕಾಳಜಿ ಅಂದ್ಕೊಂಡೆ. ನನ್ನ ಬಗ್ಗೇನೇ ಇರ್ಬೇಕು. ಏನ್ ಮಾಡ್ಬೇಕು ಹೇಳು.”

ಹೇಳಿದೆ. ನಮಗೆ ಮಾಲು ಕೊಡುವ ಎಲ್ಲ ಕಾರ್ಖಾನೆಗಳ ಅಳತೆ ಕೋಣೆಯ ಬಾಗಿಲಿಗೆ ಗಾಜು ಇರಬೇಕು, ಒಳಗೆ ಚಿಲಕ ಇರಬಾರದು. ಮಾದರಿ ಒಪ್ಪುವ ದಿನ ಹೆಣ್ಣಾಗಲಿ ಗಂಡಾಗಲಿ ಒಬ್ಬರೇ ಹೋಗಬಾರದು. ನನ್ನ ಕಾರ್ಖಾನೆಗಳು, ಮಾಮನದೊಂದನ್ನು ಬಿಟ್ಟು, ನನಗೆ ವಾಪಸ್ ಬರಬೇಕು. ಅವರು ಮೊದಲೆರಡನ್ನು ಆ ವಾರವೇ ನಿಯಮ ಮಾಡಿದರು. ಮೂರನೆಯದಕ್ಕೆ ಎದ್ದು ಹೋಗಿ ಬೋರ್ಡಿನಲ್ಲಿ ತಮ್ಮ ಕೈಯಾರೆ ನನ್ನ ಹೆಸರು ಬರೆದರು. ಅಕ್ಷರ ಎಂದಿಗಿಂತ ಸ್ವಲ್ಪ ದೊಡ್ಡದಾಗಿತ್ತು.

ಸೋಮವಾರ ಗೆಳೆಯನೂ ನಾನೂ ಪೀಣ್ಯ ಎರಡನೇ ಹಂತದ ಇನ್ನೊಂದು ಕಾರ್ಖಾನೆಗೆ ಹೋದೆವು. ಅಳತೆ ಕೋಣೆಯ ಹೊಸ್ತಿಲಲ್ಲಿ ನನ್ನ ಕಾಲು ಒಂದು ಕ್ಷಣ ನಿಂತಿತು. ಅವನು ನೋಡಿದ. ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದಂತೆ ನಿಂತು, ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರ್ ನೋಡತೊಡಗಿದ. ತಂಪೆಲ್ಲ ಹೊರಗೆ ಹೋಗುತ್ತದೆ ಎಂದು ಅಳತೆಯವರು ಗೊಣಗಿದರು. ನಾನು ಒಳಗೆ ಹೋಗಿ ರಂಧ್ರ ಅಳೆಯುವ ಗೇಜ್ ಕೈಗೆತ್ತಿಕೊಂಡೆ. ಭಾಗಗಳು ತಣಿದಿದ್ದವು. ಐದರಲ್ಲಿ ಎರಡರ ರಂಧ್ರ ಸಣ್ಣದಾಗಿತ್ತು. ಆಗಲ್ಲ ಅಂದೆ.

ಮಾಲೀಕರು ಧಡಧಡನೆ ಬಂದರು. “ಏನ್ ಮೇಡಂ, ಇಷ್ಟು ದಿನ ಬೇರೆಯವ್ರು ಬಂದು ಪಾಸ್ ಮಾಡ್ತಿದ್ರು, ನೀವು ಬಂದ ತಕ್ಷಣ ರಿಜೆಕ್ಟಾ? ನಿಮ್ ಗೇಜೇ ಸರಿ ಇಲ್ಲ ಕಣ್ರೀ! ನೀವು ಎಲ್ಲಿ ಹೋಗಿದ್ರಿ ಇಷ್ಟು ದಿನ? ಆರಾಮಾಗಿದ್ವಿ ನಾವು!”

ಎಷ್ಟೋ ವಾರಗಳಿಂದ ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದರು. ಈ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು, ಬೀದಿಗೆ ಕೇಳಿಸುವಷ್ಟು ಜೋರಾಗಿ, ನನ್ನ ಮೇಲೆ ಕೂಗಾಡುತ್ತಿದ್ದರು. ಎದೆ ಹಗುರಾಯಿತು. ಬ್ಯಾಗು ಕೆಳಗಿಟ್ಟೆ, ಕುರ್ಚಿ ಎಳೆದುಕೊಂಡೆ.

“ಕೂತ್ಕೊಳ್ಳಿ ಸಾರ್,” ಅಂದೆ. “ಗೇಜಿಂದಾನೇ ಶುರು ಮಾಡೋಣ.”